ಶಂಕರಪೋಳಿಯೊಳಗಿನ ಪ್ರಶ್ನೆ

೧೪ ನವೆಂಬರ್ ೧೯೭೭, ಸೋಮವಾರ. ಸಿಂದಗಿ

ಹೆಂಡತಿ ಸಾತವ್ವ ತೀರಿಹೋದ ಮೇಲೆ ದಿನಚರಿ ಬರೆಯುವುದನ್ನು ಬಿಟ್ಟಿದ್ದೆ. ಇವತ್ತು ಮತ್ತೆ ಹಿಡಿದದ್ದಕ್ಕೆ ಕಾರಣ ದುಃಖವಲ್ಲ, ಸಿಟ್ಟು. ರೇವವ್ವನ ಖಾನಾವಳಿಯಿಂದ ಬರುವ ಡಬ್ಬಿಯಲ್ಲಿ ಮೂರನೆಯ ದಿನವೂ ಅದೇ ಬದನೆಕಾಯಿ. ಸಿಟ್ಟನ್ನು ಯಾರ ಮುಂದಾದರೂ ತೆಗೆಯಬೇಕಲ್ಲ. ಇಷ್ಟು ವರ್ಷ ಕೇಳುತ್ತಿದ್ದ ಕಿವಿ ಶ್ರಾವಣದಲ್ಲಿ ಹೋಯಿತು. ಹಾಗಾಗಿ ಈ ಕಾಗದಕ್ಕೆ ಹೇಳುತ್ತಿದ್ದೇನೆ.

ತಂಗಿ ಶಂಕ್ರೆವ್ವ ಮೊನ್ನೆ ಮುದ್ದೇಬಿಹಾಳದಿಂದ ಬಂದು ಹೋದಳು. ಬಂದವಳು ಮೊದಲು ಅಡುಗೆಮನೆಯ ಚಿಲಕ ಜಗ್ಗಿ ನೋಡಿದಳು, ಆಮೇಲೆ ನನ್ನ ಮುಖ.

"ಯಣ್ಣಾ, ನಾಕ ತಿಂಗಳಾತು ಈ ಮನ್ಯಾಗ ಒಲಿ ಹತ್ತಿಲ್ಲ. ಖಾನಾವಳಿ ಕೂಳು ತಿಂದ ತಿಂದ ಕಸಬರಿಗಿ ಆಗೀ ನೋಡು. ಶಿವರಾತ್ರಿ ಮುಂದ ಬರ್ತೇನಿ, ಟ್ರಂಕ್ ತರ್ತೇನಿ. ಮನಿ ಕೀಲಿ ಹಾಕಿ ನಡಿ ನಮ್ಮ ಮನಿಗಿ."

ಅವಳ ಗಂಡ ಮಲ್ಲಣ್ಣನ ಕಾಳಿನ ಅಂಗಡಿಯ ಅಟ್ಟದ ಮೇಲೆ ಒಂದು ಹೊರಸು ಹಿಡಿಯುವಷ್ಟು ಜಾಗವಿದೆಯಂತೆ. ಕಿಟಕಿಯೂ ಇದೆಯಂತೆ, ಆದರೆ ಚೀಲ ಒಟ್ಟಿದ್ದಾರಂತೆ. ನಾನು ಆಲ್‌ರೈಟ್ ಅಂದೆ. ವಿಜಾಪುರದ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು ರೊಟ್ಟಿ ಬಡಿಯುತ್ತ ಕೂಡಬಹುದೇ. ಪ್ರಿನ್ಸಿಪಲ್ ಅಂತ ಒಂದಿರುತ್ತದೆ.

ಹತ್ತಿ ಜಿನ್ನಿನ ಕಂಪನಿಯಲ್ಲಿ ಪತ್ರ ಬರೆಯುವ ಗುಮಾಸ್ತನಾಗಿದ್ದೆ. ನಿವೃತ್ತಿಯಾದ ಮೇಲೆ ಮಕ್ಕಳಿಗೆ ಇಂಗ್ಲಿಷ್, ಗಣಿತ ಹೇಳಿಕೊಡುತ್ತೇನೆ. ಈಗ ಉಳಿದವರು ಮೂರು ಜನ. ಏಳನೆಯ ಇಯತ್ತೆಯ ಸೋಮನಿಂಗ, ಕುರಿಯವರ ಮನೆಯವನು, ಯಾವಾಗಲೂ ಹಸಿದಿರುತ್ತಾನೆ. ಹತ್ತನೆಯ ಇಯತ್ತೆಯ ಮುರ್ತುಜಾ, ದರ್ಜಿಯ ಮಗ. ಒಂಬತ್ತನೆಯ ಇಯತ್ತೆಯ ಸಾವಂತ್ರಿ, ಪ್ರಾಥಮಿಕ ಶಾಲೆಯ ಮಾನಪ್ಪ ಮಾಸ್ತರರ ಮಗಳು. ಅವರು ಕೆಳಗಿನ ಓಣಿಯವರು, ಈಗ ಬೌದ್ಧರು. ನಾನು ಅಂಥದ್ದೆಲ್ಲ ನೋಡುವವನಲ್ಲ. ಹುಡುಗರಿಬ್ಬರೂ ಪಡಸಾಲೆಯಲ್ಲಿ ಕೂಡುತ್ತಾರೆ. ಸಾವಂತ್ರಿ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಾಳೆ. ಅವಳ ಅಕ್ಷರ ಬಹಳ ಸಣ್ಣವು, ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ.

ಹೈಸ್ಕೂಲಿನ ಹೆಡ್‌ಮಾಸ್ತರರು ಸಂಜೆ ಕರೆಸಿದ್ದರು. ಜನವರಿಯಲ್ಲಿ ಬಸವನ ಬಾಗೇವಾಡಿಯಲ್ಲಿ ವಿಜ್ಞಾನ ವಸ್ತುಪ್ರದರ್ಶನವಿದೆ. ಮೇಲಿನಿಂದ ಬಂದ ವಿಷಯಗಳಲ್ಲಿ ಕೊನೆಯದು ಗಣಕಯಂತ್ರ. ಯಾವ ಶಾಲೆಯೂ ಅದನ್ನು ಮುಟ್ಟಿಲ್ಲ.

"ನಿಮಗ ಇಂಗ್ಲಿಷ್ ಬರ್ತೈತಲ್ರಿ ಗುರಣ್ಣೋರ," ಅಂದರು. "ನೀವ ತಗೋರಿ. ಹೆಂಗೂ ಯಾರೂ ನೋಡಿಲ್ಲ, ತಪ್ಪಾದ್ರ ಯಾರಿಗೂ ತಿಳ್ಯಾಂಗಿಲ್ಲ."

ಇಂಥ ವಿಶ್ವಾಸಕ್ಕೆ ಬೈ ಆಲ್ ಮೀನ್ಸ್ ಎಂದು ಹೇಳಿ ಬಂದೆ.

೧೭ ನವೆಂಬರ್

ಸೊಲ್ಲಾಪುರದ ರದ್ದಿ ಅಂಗಡಿಯಿಂದ ಎಂದೋ ತಂದ ಇಂಗ್ಲಿಷ್ ಮಾಸಪತ್ರಿಕೆಯೊಂದರಲ್ಲಿ ಗಣಕಯಂತ್ರದ ಮೇಲೆ ಲೇಖನವಿತ್ತು. ಹುಡುಕಿ ತೆಗೆದೆ. ಅರ್ಧ ತಿಳಿಯಿತು. ಉಳಿದರ್ಧ ಇಲಿ ತಿಂದಿದೆ, ಹಾಗಾಗಿ ತಿಳಿಯದ ದೋಷ ನನ್ನದಲ್ಲ.

ತಿಳಿದದ್ದು ಇಷ್ಟು. ಯಂತ್ರಕ್ಕೆ ಸ್ವಂತ ಬುದ್ಧಿ ಇಲ್ಲ. ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ, ತಿರುಗಿ ಕೇಳುವುದಿಲ್ಲ. ಆದ್ದರಿಂದ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ ಬಿಡಿಸಿ ಬರೆದು ಕೊಡಬೇಕು. ಹಾಗೆ ಬರೆದದ್ದಕ್ಕೆ ಪ್ರೋಗ್ರಾಮು ಎನ್ನುತ್ತಾರೆ. ಮಾಡುವ ಕೆಲಸವನ್ನು ಚೌಕದೊಳಗೆ ಬರೆಯುತ್ತಾರೆ. ಹೌದೋ ಅಲ್ಲವೋ ಎಂದು ಕೇಳುವ ಪ್ರಶ್ನೆಯನ್ನು ಮೂಲೆಯ ಮೇಲೆ ನಿಲ್ಲಿಸಿದ ಚೌಕದೊಳಗೆ ಬರೆಯುತ್ತಾರೆ.

"ಶಂಕರಪೋಳಿ ಇದ್ದಂಗ ಐತಲ್ರಿ ಸರ್," ಅಂದ ಸೋಮನಿಂಗ. ದೀಪಾವಳಿಗೆ ಕರಿಯುವ ಆ ಸಿಹಿ ಬಿಲ್ಲೆಯೂ ಇದೇ ಆಕಾರದ್ದು; ಅವನ ತಲೆ ತಿನ್ನುವುದರ ಹೊರತು ಬೇರೆ ಕಡೆ ಓಡುವುದಿಲ್ಲ. ಆದರೆ ಹೆಸರು ಅಂಟಿಕೊಂಡಿತು. ಈಗ ಎಲ್ಲರೂ ಶಂಕರಪೋಳಿ ಅನ್ನುತ್ತಾರೆ, ನಾನೂ.

ಯಂತ್ರವಿಲ್ಲದಿದ್ದರೆ ಒಬ್ಬರು ಯಂತ್ರವಾಗಿ ಕೂತರಾಯಿತು, ಇನ್ನೊಬ್ಬರು ಹೆಜ್ಜೆ ಓದಬೇಕು. ಇದು ನನ್ನದೇ ವಿಚಾರ. ಇನ್ನು ಯಾವ ಕೆಲಸದ ಪ್ರೋಗ್ರಾಮು ಎಂಬುದು ಉಳಿದಿದೆ. ಅದನ್ನು ಆರಿಸುವುದು ಮಕ್ಕಳ ಕೈಯಲ್ಲಿ ಕೊಡುವಂಥದ್ದಲ್ಲ. ಮೊದಲು ಗ್ರಹಣದ ಲೆಕ್ಕ ಅಂದುಕೊಂಡೆ. ಅದು ನನಗೇ ಬರುವುದಿಲ್ಲ ಎಂಬ ಸಣ್ಣ ತೊಡಕಿದೆ. ಆದ್ದರಿಂದ ಸಾವಿರದೊಳಗಿನ ಅವಿಭಾಜ್ಯ ಸಂಖ್ಯೆಗಳು. ಗಂಭೀರ ವಿಷಯ, ಸಾಹೇಬರು ಮೆಚ್ಚುತ್ತಾರೆ.

೨೫ ನವೆಂಬರ್

ಸೋಮನಿಂಗ ಯಂತ್ರ. ನಲವತ್ತೊಂಬತ್ತಕ್ಕೆ ಬಂದು ನಿದ್ದೆ ಹೋದ.

ಡಬ್ಬಿಯಲ್ಲಿ ಬದನೆಕಾಯಿ.

೨ ಡಿಸೆಂಬರ್, ಶುಕ್ರವಾರ

ಅವಿಭಾಜ್ಯ ಸಂಖ್ಯೆಗಳನ್ನು ಕೈಬಿಟ್ಟಿದ್ದೇವೆ. ನಾನೇ ಬಿಟ್ಟೆ ಅಂತ ಬರೆಯಬೇಕು, ಮಕ್ಕಳು ಬಿಟ್ಟು ನಾಲ್ಕು ದಿನವಾಗಿತ್ತು.

ನಿನ್ನೆ ಮುರ್ತುಜಾನ ಮಾತಿಗೆ ಒಪ್ಪಿ ಗುಂಡಿ ಹಚ್ಚುವ ಪ್ರೋಗ್ರಾಮು ಮಾಡಿದೆವು. ಅವನೇ ಯಂತ್ರ. ಸೂಜಿಗೆ ದಾರ ಪೋಣಿಸು ಎಂದು ಬರೆಯಲು ಮರೆತಿದ್ದೆವು. ಆದರೂ ಅವನು ಪೋಣಿಸಿದ, ಗುಂಡಿ ಹಚ್ಚಿದ, ಹಲ್ಲಿನಿಂದ ದಾರ ಕಡಿದ. ನಾನು ಶಾಭಾಸ್ ಅಂದೆ. ಕಟ್ಟೆಯ ಮೇಲಿನಿಂದ ಸಾವಂತ್ರಿ ಅಂದಳು:

"ಇದು ಯಂತ್ರ ಅಲ್ರಿ ಸರ್, ಇದು ಮುರ್ತುಜಾ. ನಾವು ಬಿಟ್ಟದ್ದನ್ನ ತನ್ನ ತಲ್ಯಾಗಿಂದ ತುಂಬಿದ."

"ಹಂಗಾದ್ರ?"

"ಆ ಕೆಲಸ ಒಟ್ಟ ಗೊತ್ತಿಲ್ಲದವ್ರು ಯಂತ್ರ ಆಗಬೇಕ್ರಿ. ಅಂದ್ರ ನಮ್ಮ ತಪ್ಪು ನಮಗ ಕಾಣ್ತಾವ. ಮೊದಲ ಯಂತ್ರ ಆರಿಸೂಣು, ಆಮ್ಯಾಲ ಕೆಲಸ."

ವಾದ ಸರಿಯಾಗಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ ನೆಸೆಸರಿ ಅಂಡ್ ಏನೋ ಅನ್ನುತ್ತಾರೆ. ಆಗ ಮೂವರೂ ನನ್ನ ಕಡೆ ನೋಡಿದರು. ಬಹಳ ಹೊತ್ತು ನೋಡಿದರು.

"ಸರ್‌ಗೆ ಏನ್ ಬರಂಗಿಲ್ಲ?" ಅಂದ ಮುರ್ತುಜಾ, ನಾನು ಅಲ್ಲಿ ಇಲ್ಲವೇನೋ ಅನ್ನುವ ಹಾಗೆ.

"ರೊಟ್ಟಿ," ಅಂದ ಸೋಮನಿಂಗ. ಒಂದು ಕ್ಷಣವೂ ತಡೆಯಲಿಲ್ಲ.

ವಿಜ್ಞಾನ ಪ್ರದರ್ಶನಕ್ಕೆ ಜೋಳದ ರೊಟ್ಟಿ ಒಯ್ಯುವುದು ನನ್ನ ಡಿಗ್ನಿಟಿಗೆ ಒಗ್ಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಸೋಮವಾರದಿಂದ ಶುರು.

೫ ಡಿಸೆಂಬರ್, ಸೋಮವಾರ

ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಹಂಚು, ಹಿಟ್ಟಿನ ಡಬ್ಬಿ ಸೋಮನಿಂಗನ ಮನೆಯಿಂದ ಬಂದವು. ಸಾವಂತ್ರಿ ಹಿಂದಿನ ಸಂದಿಯಿಂದ ಸುತ್ತು ಹಾಕಿ ಹಿತ್ತಲ ಬಾಗಿಲಿಗೆ ಬಂದಳು, ಅದೇ ಹತ್ತಿರ.

ಮೂವರಿಗೂ ರೊಟ್ಟಿ ಮಾಡುವುದು ಗೊತ್ತು. ನೋಡಿ ಗೊತ್ತು, ಸಾವಂತ್ರಿಗೆ ಮಾಡಿಯೂ ಗೊತ್ತು. ಆದರೆ ಬರೆದು ತಂದ ಮೊದಲ ಪ್ರೋಗ್ರಾಮಿನಲ್ಲಿ ಏಳೇ ಹೆಜ್ಜೆ. ಮೊದಲನೆಯದು: ಹಿಟ್ಟು ತಗೊ. ನಾನು ಹಿಟ್ಟಿನ ಡಬ್ಬಿ ತೆಗೆದುಕೊಂಡು ನಿಂತೆ. ಎರಡನೆಯದು: ನೀರು ಹಾಕು. ಡಬ್ಬಿಯೊಳಗೇ ಕೊಡ ಬಗ್ಗಿಸಿದೆ.

"ಸರ್, ಅಷ್ಟೂ ಹಾಕೂದಲ್ರಿ," ಎಂದು ಮುರ್ತುಜಾ ಕೂಗಿದ.

"ಎಷ್ಟು ಅಂತ ಬರ್ದೀರಿ?"

ಬರೆದಿರಲಿಲ್ಲ. ಬಹಳ ದಿನಗಳ ಮೇಲೆ ನನಗೆ ಆನಂದವಾಯಿತು. ನಲವತ್ತು ವರ್ಷ ಏನೂ ಬರದೆ ಉಳಿದದ್ದು ಹೀಗೆ ಉಪಯೋಗಕ್ಕೆ ಬರುತ್ತದೆಂದು ಯಾರು ತಿಳಿದಿದ್ದರು. ಒಲೆ ಹಚ್ಚು ಎಂಬ ಹೆಜ್ಜೆಯೂ ಇರಲಿಲ್ಲ. ತಣ್ಣನೆಯ ಹಂಚಿನ ಮೇಲೆ ಅಂಬಲಿಯಂಥದ್ದನ್ನು ಸುರಿದು ಕೈ ಕಟ್ಟಿ ನಿಂತೆ. ಸೋಮನಿಂಗ ಬೆರಳಿನಿಂದ ನೆಕ್ಕಿ ನೋಡಿ, "ಎಮ್ಮಿ ತಿಂತೈತ್ರಿ," ಅಂದ.

೧೧ ಡಿಸೆಂಬರ್, ಭಾನುವಾರ

ಹಿತ್ತಲ ಗಾಳಿಗೆ ಒಲೆ ನಿಲ್ಲುವುದಿಲ್ಲ. ಮೂರು ಸಲ ಆರಿತು. ಯಂತ್ರವನ್ನು ಅದರ ಜಾಗದಲ್ಲಿಯೇ ನಡೆಸಬೇಕೆಂದು ನಾನೇ ನಿರ್ಣಯ ಮಾಡಿ ಅಡುಗೆಮನೆಯ ಚಿಲಕ ತೆಗೆದೆ.

ಎಲ್ಲ ಇದ್ದ ಹಾಗೆಯೇ ಇತ್ತು. ಹಂಚು ಗೋಡೆಗೆ ಒರಗಿತ್ತು. ಒದ್ದೆಯಾಗಿದ್ದಾಗ ಮಡಿಸಿಟ್ಟ ಅರಿವೆ ಅದೇ ಮಡಿಕೆಯಲ್ಲಿ ಒಣಗಿ ಬಿರುಸಾಗಿತ್ತು. ಹಿಟ್ಟಿನ ಡಬ್ಬಿಯಲ್ಲಿ ಅರ್ಧ ಹಿಟ್ಟು, ಮೇಲೆ ಬೆರಳ ಗುರುತು. ಸಾವಂತ್ರಿ ಹಿತ್ತಲ ಕಡೆಯ ಹೊಸ್ತಿಲ ಆಚೆ ನಿಂತು, "ಹಿಟ್ಟು ತಗೋರಿ," ಎಂದು ಓದಿದಳು. ಈ ಹಿಟ್ಟು ಅಲ್ಲ ಎಂದೆ. ಯಾಕ್ರಿ ಎಂದು ಸೋಮನಿಂಗ ಕೇಳಿದ. ಯಂತ್ರವನ್ನು ಯಾಕೆ ಅಂತ ಕೇಳುವುದಿಲ್ಲ ಎಂದು ಹೇಳಿದೆ.

ಗಿರಣಿಗೆ ಹೋಗಿ ಬೇರೆ ಹಿಟ್ಟು ತಂದೆವು.

೧೨ ಡಿಸೆಂಬರ್

ಕೈ ಸುಟ್ಟಿತು. ಹೆಜ್ಜೆ ಹನ್ನೊಂದರಲ್ಲಿ ತಪ್ಪಿದೆ.

೨೩ ಡಿಸೆಂಬರ್, ಶುಕ್ರವಾರ

ಬೆಳಿಗ್ಗೆ ಮಾನಪ್ಪ ಮಾಸ್ತರರು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಛತ್ರಿ. ಒಳಗೆ ಬರ್ರಿ ಅಂದೆ. ಇಲ್ಲೇ ಛಲೋ ಐತ್ರಿ ಎಂದು ಕಟ್ಟೆಯ ಕೆಳಗೇ ನಿಂತರು. ನಾನೂ ಎರಡನೆಯ ಸಲ ಅನ್ನಲಿಲ್ಲ, ಅವರಿಗೆ ಶಾಲೆಗೆ ಹೊತ್ತಾಗಿರಬಹುದು.

"ಶಿವರಾತ್ರಿಗೆ ಮುದ್ದೇಬಿಹಾಳಕ್ಕ ಹೋಗ್ತೀರಂತ ಕೇಳ್ದೆ," ಅಂದರು.

"ಹೌದ್ರಿ. ತಂಗಿ ಕೇಳವಲ್ಲಳು."

"ಮುಂದಿನ ವರ್ಷ ಸಾವಂತ್ರಿದು ಎಸ್ಸೆಸ್ಸೆಲ್ಸಿ ಐತ್ರಿ. ಇಲ್ಲಿ ಗಣಿತ ಹೇಳೋರು ಇನ್ನೂ ಇಬ್ಬರು ಅದಾರ. ಕೇಳಿ ನೋಡ್ದೆ." ಛತ್ರಿಯ ತುದಿಯಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದರು. "ಒಬ್ಬರು ಜಾಗ ಇಲ್ಲಂದ್ರು. ಇನ್ನೊಬ್ಬರು ಜಾಗ ಐತಿ, ಆದ್ರ ಆಕಿ ಬರೂದು ಬ್ಯಾಡ, ನೀವ ಬಂದು ಬರ್ಕೊಂಡು ಹೋಗಿ ಆಕಿಗಿ ಹೇಳ್ರಿ ಅಂದ್ರು. ಒಂದು ವರ್ಷ ತಡದು ಹೋದ್ರ ಆಕಿದು ಆಗಿ ಹೋಗ್ತಿತ್ತು. ಒತ್ತಾಯ ಇಲ್ರಿ."

ಎಂಥ ಮನುಷ್ಯರಿರುತ್ತಾರೆ. ಅಪ್ಪನನ್ನು ಕರೆಸಿಕೊಂಡು ಬರೆಯಿಸುತ್ತಾರಂತೆ, ಮಗಳು ಬರಬಾರದಂತೆ. ನಾನಾದರೂ ಕಟ್ಟೆಯ ಮೇಲೆ ಕೂಡಿಸಿ ಬೆಳಕಿನಲ್ಲಿ ಕಲಿಸುತ್ತೇನೆ.

ಆದರೆ ತಂಗಿಗೆ ಮಾತು ಕೊಟ್ಟಾಗಿದೆ. ರೊಟ್ಟಿ ಬರದ ಮನುಷ್ಯ ಒಬ್ಬನೇ ಎಷ್ಟು ದಿನ ಇದ್ದಾನು. ಸಾರಿ ಎಂದೆ. ಅವರು ಥ್ಯಾಂಕ್ಯೂ ಎಂದರು. ಇಂಗ್ಲಿಷಿನ ಸೌಕರ್ಯ ಇದು, ಇಬ್ಬರಿಗೂ ಬೇಗ ಮುಗಿಯುತ್ತದೆ.

೩ ಜನವರಿ ೧೯೭೮, ಮಂಗಳವಾರ

ಮೂವತ್ತು ಚೌಕ, ನಾಲ್ಕು ಶಂಕರಪೋಳಿ. ದೊಡ್ಡ ಹಾಳೆಯ ಮೇಲೆ ಸಾವಂತ್ರಿಯ ಅಕ್ಷರದಲ್ಲಿ ಬರೆಯಿಸಿ ಒಲೆಯ ಎದುರಿನ ಗೋಡೆಗೆ ಅಂಟಿಸಿದ್ದೇವೆ. ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ನೀರು ಹಾಕುವುದು, ಅದಕ್ಕೆ ಎಸರು ಅನ್ನುತ್ತಾರಂತೆ. ಇಷ್ಟು ವರ್ಷ ಈ ಮನೆಯಲ್ಲಿ ದಿನಾ ಎಸರು ಇಡುತ್ತಿದ್ದರು, ನನಗೆ ಶಬ್ದವೇ ಗೊತ್ತಿರಲಿಲ್ಲ. ಇವತ್ತು ಹಿಟ್ಟು ಸಡಿಲಾಗಿತ್ತು. ಸಾವಂತ್ರಿ ಎರಡು ಬೆರಳಿನಿಂದ ಒತ್ತಿ ನೋಡಿ, "ಇನ್ನೂ ನಾದ್ರಿ," ಅಂದಳು. ಯಂತ್ರಕ್ಕೆ ಇನ್ನೂ ಅಂದರೆ ತಿಳಿಯುವುದಿಲ್ಲ ಎಂದು ವಾದಿಸಿದೆ. ಸ್ವಲ್ಪ ವಿಚಾರ ಮಾಡಿ ಹೊಸ ಶಂಕರಪೋಳಿ ಬರೆದಳು: ಒತ್ತಿದ ಬೆರಳಿಗೆ ಹಿಟ್ಟು ಹತ್ತುತ್ತದೆಯೇ? ಹತ್ತಿದರೆ ತಿರುಗಿ ನಾದು.

ಮೂರು ರೊಟ್ಟಿಯಾದವು. ಒಂದು ದುಂಡಗಿತ್ತು. ಎರಡು ನಮ್ಮ ತಾಲೂಕಿನ ನಕಾಶೆಯ ಹಾಗೆ ಇದ್ದವು.

೧೦ ಜನವರಿ, ಮಂಗಳವಾರ

ನಿನ್ನೆ ಎಳ್ಳಮವಾಸ್ಯೆ. ರೇವವ್ವ ಖಾನಾವಳಿ ಮುಚ್ಚಿ ಬೆಳೆಗೆ ಚರಗದ ಎಡೆ ಚೆಲ್ಲಲು ಹೊಲಕ್ಕೆ ಹೋದಳು, ಡಬ್ಬಿ ಬರುವುದಿಲ್ಲವೆಂದು ಮೊದಲೇ ಹೇಳಲಿಲ್ಲ. ಮಧ್ಯಾಹ್ನದವರೆಗೆ ಕಾದೆ. ಆಮೇಲೆ ಮಾಡುವುದೇನು, ಗೋಡೆಯ ಹಾಳೆ ನೋಡಿ ಎರಡು ರೊಟ್ಟಿ ಬಡಿದೆ. ನಂಚಿಕೊಳ್ಳಲು ಶೇಂಗಾ ಹಿಂಡಿ ಇತ್ತು. ತಿಂದೆ.

ಇದು ಟ್ರಯಲ್ ಅಷ್ಟೇ. ಊಟ ಅಂತ ಲೆಕ್ಕಕ್ಕೆ ಹಿಡಿಯಬಾರದು.

ಹಳೆಯ ಹಿಟ್ಟಿನಲ್ಲಿ ಹುಳ ಆಗಿದ್ದವು. ಸೋಮನಿಂಗನ ಕೈಯಲ್ಲಿ ಕೊಟ್ಟು ಕಳಿಸಿದೆ, ಅವರ ಎಮ್ಮೆಗೆ. ಡಬ್ಬಿ ತೊಳೆದು ಬಿಸಿಲಿಗೆ ಇಟ್ಟಿದ್ದೇನೆ.

೨೯ ಜನವರಿ, ಭಾನುವಾರ

ನಿನ್ನೆ ಬಸವನ ಬಾಗೇವಾಡಿ. ತೋಳು ಎತ್ತಲು ಬರುವುದಿಲ್ಲ, ಆದರೂ ಬರೆಯದೆ ಇರಲಾರೆ.

ನಮಗೆ ಕೊಟ್ಟ ಜಾಗ ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ, ಹೊಗೆ ಆಗುತ್ತದೆಂದು. ಎಡಕ್ಕೆ ಕೃಷ್ಣೆಯ ಅಣೆಕಟ್ಟಿನ ಮಾದರಿ ಇಟ್ಟಿದ್ದರು, ಮಣ್ಣು, ಕನ್ನಡಿ ಚೂರು, ನೀಲಿ ಬಣ್ಣದ ನೀರು. ಬಲಕ್ಕೆ ಮಶಾಕಸಾಬ ಎಂಬವನು ಸಾಹೇಬರ ಊಟದ ವ್ಯವಸ್ಥೆ ನೋಡುತ್ತಿದ್ದ. ನನ್ನ ಎದೆಗೆ "ಯಂತ್ರ" ಎಂದು ಬರೆದ ರಟ್ಟು ಕಟ್ಟಿದರು. ಸಾವಂತ್ರಿ ಹೆಜ್ಜೆ ಓದುವವಳು, ಮುರ್ತುಜಾ ಕೋಲು ಹಿಡಿದು ಹಾಳೆಯ ಮೇಲೆ ಚೌಕ ತೋರಿಸುವವನು. ಸೋಮನಿಂಗ ಬೆಂಕಿ ನೋಡುವವನು.

ಮೊದಲ ರೊಟ್ಟಿ ಉಬ್ಬಿತು. ಮಂದಿ ಕೂಡಿತು. ಕೊನೆಯ ಶಂಕರಪೋಳಿಯಲ್ಲಿ ನಾವು ಬರೆದದ್ದು: ಪರಾತದಾಗ ಹಿಟ್ಟು ಐತೇನು? ಇದ್ದರೆ ಮೊದಲಿನ ಹೆಜ್ಜೆಗೆ ಹೋಗು. ನಾಲ್ಕು ರೊಟ್ಟಿಯ ಹಿಟ್ಟು ಒಯ್ದಿದ್ದೆವು, ಮುಗಿದ ಮೇಲೆ ನಿಲ್ಲುತ್ತೇವೆಂಬ ಅಂದಾಜು.

ಮಶಾಕಸಾಬ ಎರಡು ರೊಟ್ಟಿಯವರೆಗೆ ಕೈ ಕಟ್ಟಿ ನೋಡಿದ. ಆಮೇಲೆ ಬಂದು ಪರಾತದಲ್ಲಿ ಒಂದು ಬೊಗಸೆ ಹಿಟ್ಟು ಹಾಕಿದ. ಸಾವಂತ್ರಿ ಶಂಕರಪೋಳಿ ಓದಿದಳು. ಹಿಟ್ಟು ಇತ್ತು. ಮೊದಲಿಗೆ ಹೋದೆ. ಅವನು ಮತ್ತೆ ಹಾಕಿದ.

"ಮಾಡ್ರಿ ಮಾಮಾ, ನೀವು ಯಂತ್ರ ಅದೀರಿ, ನಿಮಗೇನು ದಣಿವು?" ಅಂದ. "ನಮ್ಮ ರೊಟ್ಟಿ ಮಾಡಾಕಿ ಇವತ್ತ ಬಂದಿಲ್ಲ."

ನಿಲ್ಲಬಹುದಿತ್ತು. ಆದರೆ ಯಂತ್ರ ತಾನಾಗಿ ನಿಂತರೆ ಪ್ರೋಗ್ರಾಮು ಸುಳ್ಳಾಗುತ್ತದೆ. ಪ್ರಿನ್ಸಿಪಲ್. ಹೊತ್ತು ನೆತ್ತಿಗೆ ಬಂದು ಇಳಿಯುವ ತನಕ ಬಡಿದೆ. ಪ್ರದರ್ಶನದ ಸಾಹೇಬರೆಲ್ಲ ಆ ರೊಟ್ಟಿ ಉಂಡರು. ಉಂಡ ಮೇಲೆ ಕೋಟಿನ ಸಾಹೇಬರೊಬ್ಬರು ಬಂದು, "ಏನ್ರಿ ಯಜಮಾನ್ರ, ಇದರಾಗ ವಿಜ್ಞಾನ ಎಲ್ಲೈತಿ?" ಎಂದು ನನ್ನನ್ನೇ ಕೇಳಿದರು. ಯಂತ್ರ ಮಾತಾಡುವುದಿಲ್ಲ. ನಾನು ರೊಟ್ಟಿ ಹೊರಳಿಸಿದೆ.

"ಕಿವಿ ಕೇಳಂಗಿಲ್ಲೇನು ಇವ್ರಿಗೆ?"

"ಕೇಳ್ತಾವ್ರಿ," ಅಂದಳು ಸಾವಂತ್ರಿ. "ನಿಮಗ ಉತ್ತರ ಕೊಡು ಅಂತ ನಾವು ಬರ್ದಿಲ್ಲರಿ. ಬರ್ದಿದ್ರ ಕೊಡ್ತಿದ್ರು."

ಸಾಹೇಬರು ಅವಳನ್ನು ನೋಡಿದರು, ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು, ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ ಹೋದರು. ಮೊದಲ ಬಹುಮಾನ ಅಣೆಕಟ್ಟಿಗೆ ಬಂತು. ಕೊಡುವ ಹೊತ್ತಿಗೆ ಅದು ಸೋರಿ ನೀಲಿ ನೀರೆಲ್ಲ ನಮ್ಮ ಒಲೆಯ ಬುಡಕ್ಕೆ ಬಂದಿತ್ತು. ಒಲೆ ಆರಿದ್ದರಿಂದ ಯಂತ್ರ ನಿಂತಿತು.

೧ ಫೆಬ್ರುವರಿ

ಸಾವಂತ್ರಿ ಮೂರು ದಿನ ಮುಖ ಸಣ್ಣದು ಮಾಡಿಕೊಂಡಿದ್ದಳು. ಬಹುಮಾನ ಬರಲಿಲ್ಲವೆಂದು ತಿಳಿದೆ. ಅದಲ್ಲವಂತೆ.

"ನಿಲ್ಲೂದು ನಾನ ಬರೀಲಿಲ್ರಿ ಸರ್. ನನ್ನ ತಪ್ಪು."

ಕೊನೆಯ ಶಂಕರಪೋಳಿಯ ಕೆಳಗೆ ಇನ್ನೊಂದು ಸೇರಿಸಿದ್ದಾಳೆ: ಯಂತ್ರ ದಣದೈತೇನು? ದಣಿದಿದ್ದರೆ ಹಂಚು ಇಳಿಸು, ನಿಲ್ಲು.

"ಯಂತ್ರ ದಣಿಯಂಗಿಲ್ಲವ್ವಾ," ಅಂದೆ. "ಪುಸ್ತಕದಾಗ ಐತಿ."

"ಅದು ಪುಸ್ತಕದಾಗಿನ ಯಂತ್ರರಿ," ಅಂದಳು. "ನಮ್ಮದು ದಣಿತೈತಿ."

ಮುರ್ತುಜಾ, ಸೋಮನಿಂಗ ಅವಳ ಕಡೆಗೇ ಮತ ಹಾಕಿದರು. ಇನ್ ಟೋಟೋ ಸೋತೆ.

ಖಾನಾವಳಿಯ ಡಬ್ಬಿ ನಿಲ್ಲಿಸಿದ್ದೇನೆ. ಅಲ್ಲಿಯ ರೊಟ್ಟಿಯ ಅಂಚು ಹಸಿ ಇರುತ್ತದೆ, ಬಡಿಯುವಾಗ ಒತ್ತು ಕೊಡುವುದಿಲ್ಲ. ಹೇಗೂ ಶಿವರಾತ್ರಿಗೆ ಹೋಗುವವನೇ, ಅಲ್ಲಿಯವರೆಗೆ ನಡೆಯಲಿ.

೪ ಮಾರ್ಚ್, ಶನಿವಾರ

ಶಂಕ್ರೆವ್ವ ಬೆಳಗಿನ ಬಸ್ಸಿಗೆ ಬಂದಳು, ದೊಡ್ಡ ಖಾಲಿ ಟ್ರಂಕು ಹೊರಿಸಿಕೊಂಡು.

ಒಲೆ ಹತ್ತಿತ್ತು. ಹೊಗೆ ಕಂಡು ಅಂಗಳದಲ್ಲೇ ನಿಂತಳು. "ಯಾರನ್ನ ಇಟ್ಕೊಂಡಿ ಅಡಗಿಗಿ?" ಎಂದು ಕೇಳಿದಳು. ಯಾರೂ ಇಲ್ಲ ಅಂದರೆ ನಂಬಲಿಲ್ಲ. ಒಳಗೆ ಬಂದು ನಾನು ರೊಟ್ಟಿ ಬಡಿಯುವುದನ್ನು ಬಾಯಿಯ ಮೇಲೆ ಸೆರಗಿಟ್ಟುಕೊಂಡು ನೋಡಿದಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

"ಸಾತವ್ವ ಇದ್ದಾಗ ನೀರಿನ ತಂಬಿಗಿ ಎತ್ತಿಕೊಂಡಾಂವಲ್ಲ ನೀ."

"ಪ್ರೋಗ್ರಾಮು ಇರಲಿಲ್ಲವ್ವಾ," ಅಂದೆ.

ಗೋಡೆಯ ಹಾಳೆ ನೋಡಿದಳು. "ಇವ್ಯಾರ ಅಕ್ಷರ? ಇರಿವಿ ಸಾಲು ಹತ್ತಿದಂಗ ಅದಾವ." ಮಕ್ಕಳವು ಅಂದೆ. ತಾಟು ಹಾಕಿದೆ. ಪುಂಡಿಪಲ್ಯ ಬಡಿಸಿದೆ. ದಾರಿಯಲ್ಲಿ ಏನೂ ತಿಂದಿರಲಿಲ್ಲ ಅವಳು. ರೊಟ್ಟಿ ಮುರಿದು, "ಅಂಚ ದಪ್ಪ ಆಗೇತಿ, ಆದ್ರ ಇರಲಿ," ಎಂದು ತುತ್ತು ಪಲ್ಯದಲ್ಲಿ ಅದ್ದಿದಳು.

ಅಷ್ಟರಲ್ಲಿ ಮೂವರೂ ಬಂದರು, ಶನಿವಾರ ಬೆಳಗಿನ ಶಾಲೆ ಬಿಟ್ಟಿತ್ತು. ಹುಡುಗರು ಪುಸ್ತಕ ಒಗೆದು ಒಲೆಯ ಬಳಿ ಕೂತರು. ಸಾವಂತ್ರಿ ಎಂದಿನ ಹಾಗೆ ಪಡಸಾಲೆ ದಾಟಿ ನೇರ ಒಳಗೆ ಬಂದು ಎಸರಿನ ಮುಚ್ಚಳ ಸರಿಸಿ ನೋಡಿದಳು.

"ಸರ್, ನೀರ ಕಡಿಮಿ ಆಗ್ಯಾವ." ಆಮೇಲೆ ಶಂಕ್ರೆವ್ವನನ್ನು ಕಂಡು, "ಶರಣರಿ ಅತ್ತಿ," ಅಂದಳು.

"ಶರಣವ್ವಾ. ಚುರುಕ ಅದೀ. ಯಾರ ಮಗಳು?"

"ಮಾನಪ್ಪ ಮಾಸ್ತರ ಮಗಳ್ರಿ."

"ಮನಿ ಎಲ್ಲಿ?"

"ಕೆಳಗಿನ ಓಣ್ಯಾಗ್ರಿ. ಬುದ್ಧ ವಿಹಾರದ ಬಾಜೂಕ."

ತುತ್ತು ಶಂಕ್ರೆವ್ವನ ಕೈಯಲ್ಲಿಯೇ ನಿಂತಿತು. ಅದನ್ನು ನಿಧಾನವಾಗಿ ತಾಟಿನ ಅಂಚಿಗೆ ಇಟ್ಟಳು.

"ಯಣ್ಣಾ. ಈಕಿ ಸಾತವ್ವನ ಅಡಗಿಮನ್ಯಾಗ ಯಾವಾಗಿಂದ ಬರಾಕತ್ತಾಳ?"

ನೆನಪು ಮಾಡಿಕೊಂಡು ನೋಡಿದೆ. ನನಗೆ ನಿಜವಾಗಿ ಗೊತ್ತಿರಲಿಲ್ಲ. ಈಗ ಬರೆಯುವ ಮೊದಲು ಹಿಂದಿನ ಪುಟಗಳನ್ನು ತಿರುವಿದೆ. ಕೈ ಸುಟ್ಟ ದಿನ ಇದೆ, ಹಿಟ್ಟು ಸಡಿಲಾದ ದಿನ ಇದೆ. ಇದು ಎಲ್ಲಿಯೂ ಇಲ್ಲ.

"ಗೊತ್ತಿಲ್ಲವ್ವಾ," ಅಂದೆ.

"ಗೊತ್ತಿಲ್ಲ ಅಂತಾನ." ಎದ್ದು ನಿಂತಳು. "ಹೋಗಲಿ. ಆಕಿಗಿ ಹೊರಗ ಕುಂದ್ರಾಕ ಹೇಳು. ನಾ ಒಲಿ ಸಾರಿಸಿ ಬ್ಯಾರೆ ಹಿಟ್ಟು ನಾದ್ತೇನಿ. ಉಂಡು, ಕೀಲಿ ಹಾಕಿ, ಮಧ್ಯಾಹ್ನದ ಬಸ್ಸಿಗೆ ಹೋಗೂಣು. ನಮ್ಮ ಮನಿಗಿ ಬಂದ ಮ್ಯಾಲ ಇಂಥಾವ ನಡಿಯಂಗಿಲ್ಲ ಮತ್ತ."

ಅವಳು ಜೋರಾಗಿ ಹೇಳಲಿಲ್ಲ. ಶಂಕ್ರೆವ್ವ ಕೆಟ್ಟವಳಲ್ಲ, ನನ್ನನ್ನು ಕಸಬರಿಗೆಯಾಗಲು ಬಿಡಬಾರದೆಂದು ಬಂದವಳು. ಮುರ್ತುಜಾ, ಸೋಮನಿಂಗ ನೆಲ ನೋಡಿದರು. ಸಾವಂತ್ರಿ ಎಸರಿನ ಮುಚ್ಚಳ ಕೈಯಲ್ಲೇ ಹಿಡಿದು ನಿಂತಿದ್ದಳು. ಹೊರಗೆ ಹೋಗಲಿಲ್ಲ. ಒಂದು ಹೆಜ್ಜೆ ಓದಿ ಯಂತ್ರ ಏನು ಮಾಡುತ್ತದೆಂದು ಕಾಯುತ್ತಾಳಲ್ಲ, ಹಾಗೆ ನನ್ನನ್ನು ನೋಡುತ್ತಿದ್ದಳು.

ತಂಗಿಗೆ ಹೇಳಲು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹುಡುಕಿದೆ. ಐ ರಿಗ್ರೆಟ್ ಮೈ ಎಂದು ಶುರುವಾಗುತ್ತದೆ, ಕಂಪನಿಯ ಪತ್ರಗಳಲ್ಲಿ ದಿನಾ ಬರೆಯುತ್ತಿದ್ದೆ. ಮುಂದಿನದು ಬರಲಿಲ್ಲ. ಕೈ ಹಿಟ್ಟಾಗಿತ್ತು. ಹಂಚು ಕಾದಿತ್ತು.

"ಸಾವಂತ್ರಿ," ಅಂದೆ, "ಮುಂದಿನ ಹೆಜ್ಜಿ ಓದವ್ವಾ."

ಅವಳು ಮುಚ್ಚಳವನ್ನು ಎಸರಿನ ಮೇಲೆ ಇಟ್ಟಳು. ಹಾಳೆಯ ಕಡೆ ತಿರುಗಿದಳು.

"ಪರಾತದಾಗ ಹಿಟ್ಟು ಐತೇನು?"

"ಐತಿ."

"ಯಂತ್ರ ದಣದೈತೇನು?"

"ಇಲ್ಲ."

"ಹಂಗಾದ್ರ ಮೊದಲಿನ ಹೆಜ್ಜಿಗಿ ಹೋಗ್ರಿ."

ಒಂದು ಹಿಡಿ ಹಿಟ್ಟು ಮುರಿದುಕೊಂಡು ನಾದತೊಡಗಿದೆ. ಶಂಕ್ರೆವ್ವ ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡಳು. ತುಂಬಾ ಹೊತ್ತು ತೊಳೆದುಕೊಂಡಳು.

ಬಸ್‌ಸ್ಟ್ಯಾಂಡಿಗೆ ನಾನೇ ಟ್ರಂಕು ಹೊತ್ತೆ. ಖಾಲಿ ಇದ್ದದ್ದರಿಂದ ಹಗುರವಾಗಿತ್ತು. ದಾರಿಯಲ್ಲಿ ಒಂದೇ ಮಾತು ಆಡಿದಳು:

"ಅಣ್ಣ ಯಾಕ ಬರಲಿಲ್ಲ ಅಂತ ಮಂದಿ ಕೇಳಿದ್ರ ಏನ ಹೇಳ್ಲಿ?"

"ಅವಗ ರೊಟ್ಟಿ ಬರ್ತಾವ ಅನ್ನು."

ಅರಿವೆಯಲ್ಲಿ ನಾಲ್ಕು ರೊಟ್ಟಿ ಸುತ್ತಿ ತಂದಿದ್ದೆ. ಬಸ್ಸು ಹತ್ತುವಾಗ ಕೊಟ್ಟೆ. ನನ್ನ ಮುಖ ನೋಡದೆ ಇಸಿದುಕೊಂಡು, ಟ್ರಂಕು ತೆರೆದು ಅದರೊಳಗೆ ಇಟ್ಟಳು. ತಾಳಿಕೋಟೆಯ ಹತ್ತಿರ ಡೋಣಿ ಹೊಳೆಗೆ ಎಸೆದಳೋ, ಹಸಿವೆ ತಡೆಯದೆ ತಿಂದಳೋ. ಯಂತ್ರಕ್ಕೆ ಅದು ತಿಳಿಯುವಂತಿಲ್ಲ.

೧೦ ಮಾರ್ಚ್, ಶುಕ್ರವಾರ

ಮುದ್ದೇಬಿಹಾಳದ ಕಡೆಯಿಂದ ಸುದ್ದಿ ಇಲ್ಲ. ಶಿವರಾತ್ರಿ ಬಂದು ಹೋಯಿತು. ಉಪವಾಸ ಮಾಡಿದೆ, ಸ್ವಂತ ಅಡುಗೆ ಇದ್ದಾಗ ಉಪವಾಸಕ್ಕೂ ಒಂದು ತೂಕ ಬರುತ್ತದೆ.

ಸಂತೆಯಲ್ಲಿ ಮಾನಪ್ಪ ಮಾಸ್ತರರು ಸಿಕ್ಕರು. ಮುಂದಿನ ವರ್ಷಕ್ಕೆ ಗಣಿತದ ಪುಸ್ತಕ ಈಗಲೇ ತೆಗೆದಿಡಿ ಎಂದು ಹೇಳಿದೆ. ಆಗಲಿ ಅಂದರು. ಮನೆಯ ತನಕ ಜೊತೆಗೆ ಬಂದರು, ಚಹಾಕ್ಕೆ ಕರೆದೆ. ಮಾಡಲು ಬರುವುದಿಲ್ಲವೆಂದು ಆಮೇಲೆ ನೆನಪಾಯಿತು. ಪಡಸಾಲೆಯಲ್ಲಿ ಕೂತು ಇಬ್ಬರೂ ಮಜ್ಜಿಗೆ ಕುಡಿದೆವು.

ಸಂಜೆ ಮಕ್ಕಳು ಹೊಸ ಪ್ರೋಗ್ರಾಮು ಹಿಡಿದಿದ್ದಾರೆ. ಆರಿಸಿದವರು ಅವರೇ. ನನಗೆ ಬರದ ಕೆಲಸಗಳ ವಿಷಯದಲ್ಲಿ ಬಹಳ ಹೊತ್ತು ಚರ್ಚೆಯಾಯಿತಂತೆ, ಆಯ್ಕೆಗೆ ಕೊರತೆ ಇರಲಿಲ್ಲವೆಂದು ಮುರ್ತುಜಾ ಹೇಳಿದ. ಯಾವುದೆಂದು ಹೇಳಲಿಲ್ಲ. ಯಂತ್ರ ಮೊದಲೇ ನೋಡಬಾರದಂತೆ.

"ಸರ್, ನಾವು ಬರ್ದು ಮುಗಿಸೂತನಾ ನೀವು ಹೊರಗ ಕುಂದ್ರಿರಿ," ಎಂದು ಸಾವಂತ್ರಿ ಅಡುಗೆಮನೆಯಿಂದ ಕೂಗಿದಳು.

ಹಾಗಾಗಿ ಇವತ್ತಿನದನ್ನು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಕಲ್ಲು ಒರಟು, ಹೋಗುವವರು ಬರುವವರೆಲ್ಲ ನಿಂತು ನೋಡುತ್ತಾರೆ. ಎದುರಿನ ಬೇವಿನ ಗಿಡದ ನೆರಳು ಸರಿಯಾಗಿ ಕಾಗದದ ಮೇಲೆಯೇ ಬೀಳುತ್ತದೆ. ಇಲ್ಲಿ ಬೆಳಕು ಅಂಥದ್ದೇನೂ ಇಲ್ಲ.